ಹುಳುಮನೆಯ ವಿಮಾನಗಳು

ಇವತ್ತು ಬೆಳಿಗ್ಗೆ ಪೇಪರ್ ಹಾಕುವವನು ನಮ್ಮ ಪೇಪರನ್ನು ನೇರವಾಗಿ ಅಂಗಳದ ನೀರಿಗೇ ಎಸೆದು ಹೋದ. ಆಗತಾನೆ ಅಂಗಳ ತೊಳೆದು ರಂಗೋಲಿ ಎಳೆಯಲು ಬಗ್ಗಿದ್ದೆ. "ಕಣ್ಣು ಎಲ್ಲಿಟ್ಕೊಂಡಿದ್ದೀಯಪ್ಪಾ?" ಎಂದು ನಾನು ಕೂಗುವಷ್ಟರಲ್ಲಿ ಅವನ ಬೈಕು ಬೀದಿಯ ಕೊನೆ ತಿರುಗಿಯಾಗಿತ್ತು. ಬಿಸಾಡಲು ಮನಸ್ಸಾಗದೆ ಹಾಳೆ ಹಾಳೆಯಾಗಿ ಬಿಡಿಸಿ ನಡುಮನೆಯಲ್ಲಿ ಫ್ಯಾನಿನ ಕೆಳಗೆ ಹರಡಿದೆ. ಹಾರಿಹೋಗದಿರಲಿ ಎಂದು ಒಂದೊಂದರ ಮೇಲೂ ಒಂದು ಲೋಟ ಇಟ್ಟೆ. ಕಾಫಿ ಹಿಡಿದು ಪಕ್ಕದಲ್ಲಿ ಕೂತೆ ನೋಡಿ, ಆಗ ಬಂತು ಆ ವಾಸನೆ.

ಒದ್ದೆ ಪೇಪರಿನ ವಾಸನೆ ನಿಮಗೂ ಗೊತ್ತಿರುತ್ತದೆ. ಆದರೆ ನನ್ನ ಮೂಗಿಗೆ ಅದು ಒಂಟಿಯಾಗಿ ಬರುವುದಿಲ್ಲ. ಜೊತೆಗೆ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆಯನ್ನೂ, ಮಣ್ಣಿನ ಗೋಡೆಯ ತಂಪನ್ನೂ, ನಮ್ಮತ್ತೆಯ ಗಂಟಲನ್ನೂ ಕರೆದುಕೊಂಡು ಬರುತ್ತದೆ. "ಏನ್ ಬರ್ದವ್ರೆ ಓದಮ್ಮಾ, ಹಂಗೇ ಹಾಸ್ಬೇಡ" ಎನ್ನುವ ಆ ಗಂಟಲು ಕೇಳಿ ಎಷ್ಟು ವರ್ಷವಾಯಿತೋ! ಕಾಫಿ ಆರಿಹೋಗುವವರೆಗೂ ನಾನು ಅಲ್ಲೇ ಕೂತಿದ್ದೆ.

ನಾನು ಹುಟ್ಟಿ ಬೆಳೆದದ್ದು ಗೌರಿಬಿದನೂರಿನಲ್ಲಿ. ಬಿ.ಎ. ಮುಗಿಸಿದ್ದೆ ಎಂಬ ಜಂಬ ಒಂದಿಷ್ಟು ಜಾಸ್ತಿಯೇ ಇತ್ತು. ಎಂಬತ್ತೇಳರ ಸಂಕ್ರಾಂತಿ ಕಳೆದ ಮೇಲೆ ಮದುವೆಯಾಗಿ ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಬಂದೆ. ರೇಷ್ಮೆ ಸೀರೆ ಉಡುವುದು ಗೊತ್ತಿತ್ತೇ ಹೊರತು ಅದು ಹುಳದ ಬಾಯಿಂದ ಬರುವಾಗ ಮನೆಯವರ ನಿದ್ದೆ, ಊಟ, ಮಾತು ಎಲ್ಲವನ್ನೂ ತಿಂದೇ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಬಂದ ಮೂರನೇ ದಿನವೇ ಮುಖಕ್ಕೆ ಪೌಡರು ಬಳಿದು, ತಲೆತುಂಬ ಮಲ್ಲಿಗೆ ಮುಡಿದು, ಹೊಸ ಸೊಸೆಯ ಗತ್ತಿನಲ್ಲಿ ಹುಳುಮನೆಯ ಬಾಗಿಲಿಗೆ ಹೋದೆ. ಮಾತಿಗೊಮ್ಮೆ ತೆಲುಗು ಬೆರೆಸುವ ಅತ್ತೆ ಬಾಗಿಲಿಗೇ ಅಡ್ಡ ನಿಂತರು.

"ಅಯ್ಯೋ ದೇವುಡಾ! ಪೌಡರ್ ಹಾಕ್ಕೊಂಡು ಹುಳದ ಹತ್ರ ಬರ್ತಾರೇನಮ್ಮಾ? ಹೋಗು, ಹೂವ ತೆಗ್ದು, ಮುಖ ತೊಳ್ಕೊಂಡು ಬಾ. ಇಲ್ಲಿ ಮದುವೆ ಹೆಣ್ಣು ನೀನಲ್ಲ, ಅವು."

ಹುಳುಗಳಿಗೆ ಯಾವ ಘಾಟೂ ಆಗದು. ಪಕ್ಕದಲ್ಲಿ ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ದೇವರೂ ಹುಳುವಿನ ಬೆಳೆ ಮುಗಿಯುವವರೆಗೆ ಬರೀ ದೀಪಕ್ಕೆ ತೃಪ್ತಿಪಡಬೇಕು. ಹುಳುಗಳು ಪೊರೆ ಬಿಡಲು ಸೊಪ್ಪು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂತರೆ ಅದಕ್ಕೆ ಜ್ವರ ಎಂದು ಹೆಸರು. ಅತ್ತೆ ಮೊದಲ ಸಲ "ಎರಡನೇ ಜ್ವರಕ್ಕೆ ಕೂತವ್ರೆ" ಎಂದಾಗ ನಾನು ಗಾಬರಿಯಾಗಿ "ಯಾರಿಗತ್ತೆ? ಡಾಕ್ಟರ್ ಹತ್ರ ಹೋಗಣ್ವಾ?" ಎಂದು ಕೇಳಿ ಊರಿಗೆಲ್ಲ ನಗೆಪಾಟಲಾದೆ. ಊರಿನವರು ಅದನ್ನು ಇನ್ನೂ ಮರೆತಿಲ್ಲ, ಬೇಕಾದರೆ ಹೋಗಿ ಕೇಳಿ.

ಹುಳು ಮುಟ್ಟಲು ಹೆದರುವ ಸೊಸೆಗೆ ಯಾವ ಕೆಲಸ ಕೊಡುವುದು? ಅತ್ತೆ ಯೋಚನೆ ಮಾಡಿ ಪೇಪರ್ ಕೆಲಸ ಕೊಟ್ಟರು. ಬಿದಿರಿನ ತಟ್ಟೆಗಳ ಮೇಲೆ ಹಳೆಯ ಪೇಪರು ಹಾಸಿ, ಅದರ ಮೇಲೆ ಸೊಪ್ಪು ಹಾಕಿ ಹುಳು ಬಿಡುತ್ತಿದ್ದರು. ಹಿಕ್ಕೆ, ತಿಂದುಳಿದ ಸೊಪ್ಪು ಸೇರಿ ಹಾಸಿಗೆ ತೇವವಾದರೆ ಪೇಪರು ಬದಲಾಯಿಸಬೇಕು. ಶಿಡ್ಲಘಟ್ಟದ ರದ್ದಿ ಅಂಗಡಿಯ ಖಾದರ್ ಸಾಬರು ಸೀಮೆಎಣ್ಣೆ, ಬೀಡಿಸೊಪ್ಪು ಸೋಕದ ಹಾಳೆಗಳನ್ನು ಬೇರೆ ಮಾಡಿ ರೇಷ್ಮೆ ಮನೆಗಳಿಗೆಂದೇ ಕಟ್ಟು ಕಟ್ಟಿಡುತ್ತಿದ್ದರು. ನಮ್ಮ ಯಜಮಾನರು ಅದನ್ನು ಮೊಪೆಡ್ಡಿನ ಹಿಂದೆ ಹೇರಿಕೊಂಡು ಬರುತ್ತಿದ್ದರು. ಅತ್ತೆಗೆ ಓದು ಬರುತ್ತಿರಲಿಲ್ಲ. ಆದರೆ ಓದಿಸದೆ ಒಂದು ಹಾಳೆಯನ್ನೂ ಹಾಸಲು ಬಿಡುತ್ತಿರಲಿಲ್ಲ. "ಹುಳ ಅದರ ಮೇಲೆ ಮಲಗ್ತದೆ ಕಣಮ್ಮಾ, ಕೆಳಗೆ ಏನೈತೆ ಅಂತ ಗೊತ್ತಿರ್ಬೇಕು" ಎನ್ನುವುದು ಅವರ ವಾದ.

ಹೀಗೆ ಲೋಕದ ಸುದ್ದಿಯೆಲ್ಲ ನಮ್ಮ ಮನೆಗೆ ತಿಂಗಳುಗಟ್ಟಲೆ ತಡವಾಗಿ, ಅದೂ ಹಿಂದುಮುಂದಾಗಿ ಬರುತ್ತಿತ್ತು. ಚುನಾವಣೆಯಲ್ಲಿ ಗೆದ್ದವನು ಆಮೇಲೆ ನಿಲ್ಲುತ್ತಿದ್ದ. ಕ್ರಿಕೆಟ್ ಪಂದ್ಯ ಸೋತ ಮೇಲೆ ಟಾಸ್ ಹಾರಿಸುತ್ತಿದ್ದರು. ಅದರ ನಡುವೆ ಆ ವರ್ಷ ಹೆಚ್ಚಾಗಿ ಕಣ್ಣಿಗೆ ಬಿದ್ದದ್ದು ಆಕಾಶದ ಸುದ್ದಿ. ಹಿಂದಿನ ವರ್ಷವಿಡೀ ಲೋಕದಲ್ಲಿ ಹಾರುವವರಿಗೆ ಏನೇನೋ ಆಗಿತ್ತು. ಆಕಾಶನೌಕೆಯೊಂದು ಮೇಲೇರುತ್ತಲೇ ಒಡೆದು ಒಳಗಿದ್ದವರೆಲ್ಲ ಸತ್ತ ಸುದ್ದಿಯನ್ನು ಮೊದಲನೇ ತಟ್ಟೆಗೆ ಹಾಸುವಾಗ ಓದಿದೆ. ಅದರಲ್ಲಿ ಒಬ್ಬಳು ಶಾಲೆಯ ಮೇಡಂ ಎಂದಾಗ ಅತ್ತೆ ಸೊಪ್ಪು ಹಿಡಿದ ಕೈ ನಿಲ್ಲಿಸಿದರು. ಇನ್ನೊಂದು ದಿನ, ಕರಾಚಿಯಲ್ಲಿ ವಿಮಾನವನ್ನು ಬಂದೂಕಿನವರು ಹಿಡಿದದ್ದು, ನಮ್ಮ ದೇಶದ ಗಗನಸಖಿ ಹುಡುಗಿ ಜನರನ್ನು ಉಳಿಸಲು ಹೋಗಿ ಗುಂಡಿಗೆ ಬಲಿಯಾದದ್ದು.

"ವಿಮಾನ ಮೇಲೆ ಹಾರ್ತಿತ್ತಾ?"

"ಇಲ್ಲ ಅತ್ತೆ, ನೆಲದ ಮೇಲೇ ನಿಂತಿತ್ತಂತೆ."

"ನೆಲದ ಮೇಲೆ ನಿಂತಿದ್ದಕ್ಕೇ ಹಿಂಗಾದ್ರೆ..." ಎಂದರು. ಆ ದಿನ ಮಧ್ಯಾಹ್ನ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಮೂರನೆಯದು ನೊಗದ ವಿಮಾನ. ಆ ಹೆಸರಿಟ್ಟವರು ಅತ್ತೆಯೇ. ಚಿತ್ರದಲ್ಲಿ ಅದರ ರೆಕ್ಕೆ ಅಷ್ಟು ಉದ್ದ, ಅಷ್ಟು ತೆಳು, ಮಧ್ಯದಲ್ಲಿ ಪುಟ್ಟ ಮೈ. ನೋಡಿದರೆ ಎತ್ತಿಲ್ಲದ ನೊಗವೇ. ಒಬ್ಬ ಗಂಡಸು, ಒಬ್ಬ ಹೆಂಗಸು ಅದರೊಳಗೆ ಮುದುರಿ ಕೂತು, ದಾರಿಯಲ್ಲಿ ಎಲ್ಲೂ ಇಳಿಯದೆ, ಎಣ್ಣೆ ತುಂಬಿಸಿಕೊಳ್ಳದೆ ಇಡೀ ಭೂಮಿಯನ್ನು ಸುತ್ತಿ ಬರುತ್ತೇವೆಂದು ಹೊರಟಿದ್ದರು. ಎಣ್ಣೆಯ ಭಾರಕ್ಕೆ ರೆಕ್ಕೆಯ ತುದಿ ಹೊರಡುವಾಗಲೇ ನೆಲಕ್ಕೆ ಉಜ್ಜಿ ಮುರಿದಿದೆ, ಆದರೂ ಹಾರುತ್ತಿದ್ದಾರೆ ಎಂದು ಬರೆದಿತ್ತು. ಅಲ್ಲಿಗೆ ಹಾಳೆ ಮುಗಿಯಿತು.

"ಆಮೇಲೆ?" ಎಂದರು ಅತ್ತೆ.

ಆಮೇಲಿನ ಪೇಪರು ಕಟ್ಟಿನಲ್ಲಿರಲಿಲ್ಲ. ನನಗಾದರೂ ಗೊತ್ತಿರಬೇಕಿತ್ತು. ಆದರೆ ಆ ಡಿಸೆಂಬರಿನಲ್ಲಿ ನಾನು ಸೀರೆ, ರವಿಕೆ, ಬಳೆಯ ಅಳತೆಯಲ್ಲಿ ಮುಳುಗಿದ್ದೆ. ಭೂಮಿಯೇ ಉರುಳಿಹೋಗಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ನಮ್ಮ ಯಜಮಾನರು ಮೊಪೆಡ್ ಒರೆಸುತ್ತಾ, "ಇಳಿದಿರ್ತಾರೆ ಬಿಡಮ್ಮಾ, ಬಿದ್ದಿದ್ರೆ ಗೊತ್ತಾಗಿರೋದು" ಎಂದರು.

"ಇಳಿದಿರ್ತಾರೆ ಅನ್ನೋದು ಬೇರೆ, ಇಳಿದ್ರು ಅನ್ನೋದು ಬೇರೆ ಕಣೋ. ಈ ಪೇಪರ್ನೋರು ಹತ್ತಿದ್ದು ಬರೀತಾರೆ, ಬಿದ್ದಿದ್ದು ಬರೀತಾರೆ. ಇಳಿದಿದ್ದು ಯಾಕೆ ಬರಿಯಲ್ಲ?" ಎಂದು ಅತ್ತೆ ಸಿಡುಕಿದರು. ಅಂದಿನಿಂದ ಹೊಸ ಕಟ್ಟು ಬಿಚ್ಚಿದಾಗಲೆಲ್ಲ ಮೊದಲ ಪ್ರಶ್ನೆ ಒಂದೇ: "ನೊಗದ ಹುಡುಗಿ ಇಳಿದ್ಲಾ?"

ಇಷ್ಟೇ ಆಗಿದ್ದರೆ ಇದೊಂದು ನಗುವ ಮಾತಾಗಿ ಉಳಿಯುತ್ತಿತ್ತು. ಆದರೆ ಆ ಮಳೆಗಾಲದ ಬೆಳೆ ಮೂರನೇ ಜ್ವರದಲ್ಲಿದ್ದಾಗ ನನ್ನ ನಾದಿನಿ ವನಜಾ ಆಫೀಸಿನಿಂದ ಬಂದವಳೇ ಬ್ಯಾಗನ್ನೂ ಇಳಿಸದೆ ನಡುಮನೆಯಲ್ಲಿ ನಿಂತಳು. ಅವಳು ರೇಷ್ಮೆ ಇಲಾಖೆಯಲ್ಲಿದ್ದಳು. ಹಳ್ಳಿ ಹಳ್ಳಿ ಸುತ್ತಿ, ಚಿಂತಾಮಣಿ, ಕೈವಾರದ ಕಡೆಯವರೆಗೂ ಬಸ್ಸು ಹತ್ತಿ ಇಳಿದು, ರೈತರಿಗೆ ಹುಳು ಸಾಕುವ ಹೊಸ ವಿಧಾನ ಹೇಳಿಕೊಡುವುದು ಅವಳ ಕೆಲಸ. ಊರೂರಿನ ಗಂಡಸರು ಅವಳ ಮಾತು ಕೇಳುತ್ತಿದ್ದರು. ಮನೆಯಲ್ಲಿ ಮಾತ್ರ ತಾಯಿ, "ನಿನ್ನ ಹೊಸ ವಿಧಾನ ಆಫೀಸಲ್ಲಿ ಮಡಗಿ ಬಾ, ಇಲ್ಲಿ ಸೊಪ್ಪು ಹೆಚ್ಚು" ಎನ್ನುತ್ತಿದ್ದರು. ಅವಳು ನಕ್ಕು ಸೊಪ್ಪು ಹೆಚ್ಚಲು ಕೂರುತ್ತಿದ್ದಳು.

"ಜಪಾನಿಗೆ ಕಳಿಸ್ತಾರಂತೆ ಅತ್ತಿಗೆ" ಎಂದಳು. "ಮೂರು ತಿಂಗಳು ಟ್ರೈನಿಂಗು. ಈ ಬೆಳೆ ಗೂಡು ಬಿಡಿಸೋದ್ರೊಳಗೆ ಒಪ್ಪಿಗೆ ಹೇಳ್ಬೇಕು."

ನಾನು ಅವಳನ್ನು ತಬ್ಬಿಕೊಂಡೆ. ನಮ್ಮ ಯಜಮಾನರು ಏನು ಮಾಡಲೂ ತೋಚದೆ ರೇಡಿಯೋ ಹಾಕಿ, ಮತ್ತೆ ಆರಿಸಿದರು. ಅತ್ತೆ ಹುಳುಮನೆಯಿಂದ ಕೈ ಒರೆಸಿಕೊಂಡು ಬಂದು ಎಲ್ಲ ಕೇಳಿದರು.

"ವಿಮಾನದಲ್ಲಾ?"

"ಹಡಗಲ್ಲಿ ಹೋದ್ರೆ ಮೂರು ತಿಂಗಳು ದಾರೀಲೇ ಕಳೀತದಮ್ಮಾ."

ಅತ್ತೆ ಮಗಳ ಮುಖವನ್ನೇ ನೋಡಿದರು. "ಆ ಹುಡುಗಿ ಇಳಿದ್ಲೋ ಇಲ್ವೋ, ಅದನ್ನ ಹೇಳು ಮೊದ್ಲು" ಎಂದು ಮತ್ತೆ ಒಳಗೆ ಹೋದರು.

ಅದು ಬೇರೆ ವಿಮಾನ, ಇದು ಬೇರೆ. ಇದರಲ್ಲಿ ನೂರಾರು ಜನ ಕೂತು ಊಟ ಮಾಡಿಕೊಂಡು ಹೋಗುತ್ತಾರೆ ಎಂದು ವನಜಾ ಎಷ್ಟು ಹೇಳಿದರೂ ಅತ್ತೆಯ ತಲೆಗೆ ಹೋಗಲಿಲ್ಲ. ಮೇಲೆ ಹೋದ ಹೆಣ್ಣುಮಕ್ಕಳು ಮೂವರು. ಇಬ್ಬರು ಬರಲಿಲ್ಲ. ಮೂರನೆಯವಳು ಇನ್ನೂ ಮೇಲೇ ಇದ್ದಾಳೆ, ಅದೂ ರೆಕ್ಕೆ ಮುರಿದುಕೊಂಡು. ನಾಲ್ಕನೆಯವಳಾಗಿ ತನ್ನ ಮಗಳನ್ನು ಹೇಗೆ ಕಳಿಸುವುದು? ಹೋಗಬೇಡ ಎಂದು ಅವರು ಒಂದು ಸಲವೂ ಹೇಳಲಿಲ್ಲ. ಹೋಗಿ ಬಾ ಎಂದೂ ಹೇಳಲಿಲ್ಲ.

"ಬಿಡು, ಹೋಗು ನೀನು. ಆಮೇಲೆ ಸರಿ ಹೋಗ್ತಾರೆ" ಎಂದು ನಾನು ವನಜಳ ಕಿವಿಯೂದಿದೆ.

"ಅಮ್ಮ ಹೋಗಿ ಬಾ ಅನ್ನದೆ ನಾನು ಹೊಸಿಲು ದಾಟಲ್ಲ ಅತ್ತಿಗೆ" ಎಂದಳು. "ಅಪ್ಪ ಹೋದ್ಮೇಲೆ ಊರೆಲ್ಲ ಬೇಡ ಅಂದ್ರೂ ನನ್ನ ಓದಿಸಿದ್ದು ಅವಳೇ. ಅವಳನ್ನ ಅಳಿಸಿ ಹೋದ್ರೆ ಅಲ್ಲಿ ನನಗೇನು ತಲೆಗೆ ಹತ್ತತ್ತೆ?" ಹೋಗುವ ಆಸೆ ಎಷ್ಟಿತ್ತು ಎಂದರೆ, ಅಟ್ಲಾಸಿನಲ್ಲಿ ಜಪಾನಿನ ಮೇಲೆ ಬೆರಳಿಟ್ಟುಕೊಂಡೇ ಒಂದು ಮಧ್ಯಾಹ್ನ ಕೂತಲ್ಲೇ ನಿದ್ದೆ ಹೋಗಿದ್ದಳು.

ಸರಿ, ನೊಗದ ವಿಮಾನವನ್ನು ಹೇಗಾದರೂ ಇಳಿಸಬೇಕು ಎಂದು ನಾವಿಬ್ಬರೂ ಟೊಂಕ ಕಟ್ಟಿದೆವು. ಮನೆಯಲ್ಲಿದ್ದ ಕಟ್ಟನ್ನೆಲ್ಲ ಬಿಚ್ಚಿ ಹುಡುಕಿದೆವು. ಸಿಕ್ಕಿದ್ದು ಹೊಸದೊಂದು ಸುದ್ದಿ: ಯಾವನೋ ಹತ್ತೊಂಬತ್ತೂ ತುಂಬದ ಹುಡುಗ ಪುಟ್ಟ ವಿಮಾನ ಹಾರಿಸಿಕೊಂಡು, ಯಾರ ಕಣ್ಣಿಗೂ ಬೀಳದೆ, ರಷ್ಯದ ರಾಜಧಾನಿಯ ನಟ್ಟನಡುವೆ ಇಳಿದಿದ್ದ. ವನಜಾ ಕುಣಿದುಬಿಟ್ಟಳು. "ಅಮ್ಮಾ, ನೋಡು, ಇಳಿದವನ ಸುದ್ದಿ!"

ಅತ್ತೆ ಪೂರ್ತಿ ಓದಿಸಿದರು. ಕೊನೆಗೆ, "ಇಳಿದವನನ್ನ ಪೊಲೀಸಿನೋರು ಹಿಡ್ಕೊಂಡೋದ್ರು ಅಂತಾನೂ ಬರ್ದವ್ರಲ್ಲ" ಎಂದು ಅದನ್ನು ಮಡಿಚಿ ತಟ್ಟೆಗೆ ಹಾಸಿದರು.

ಮಾರನೆಯ ದಿನ ಶಿಡ್ಲಘಟ್ಟಕ್ಕೆ ಹೋದೆವು. ಲೈಬ್ರರಿಯಲ್ಲಿ ವಿಚಾರಿಸಿದರೆ ಹಳೆಯ ಪೇಪರೆಲ್ಲ ರದ್ದಿಗೆ ಹೋಗಿಯಾಗಿತ್ತು. ಯಾರ ಅಂಗಡಿಗೆ? ಖಾದರ್ ಸಾಬರ ಅಂಗಡಿಗೆ. ಸಾಬರು ನಮ್ಮನ್ನು ಕೂರಿಸಿ, ಟೀ ತರಿಸಿ, ಕನ್ನಡಕ ಮೇಲೇರಿಸಿದರು.

"ಡಿಸೆಂಬರ್ ಪೇಪರಾ? ಯಾ ಅಲ್ಲಾ! ಅರ್ಧ ನಿಮ್ಮಂಥೋರ ಹುಳದ ಕೆಳಗೆ ಹೋಯ್ತು, ಅರ್ಧ ಚಿಂತಾಮಣಿ ಕಡ್ಲೇಕಾಯಿ ಅಂಗಡಿಗೆ ಹೋಯ್ತು ಬೇಟಾ. ತಿಂದು ಬಿಸಾಕಿರ್ತಾರೆ." ವಿಷಯವೇನೆಂದು ಕೇಳಿ ತಿಳಿದ ಮೇಲೆ ಸಾಬರು ನಗಲಿಲ್ಲ. "ನಮ್ಮ ಅಮ್ಮೀನೂ ಹಿಂಗೇ ಇದ್ರು. ನಾನು ಬೆಂಗ್ಳೂರಿಗೆ ಹೋದ್ರೆ ವಾಪಸ್ ಬರೋವರೆಗೂ ಬಾಗ್ಲಲ್ಲೇ" ಎಂದು ಗೋದಾಮಿನ ಬಾಗಿಲು ತೆಗೆದು, ಹುಡುಕಿಕೊಳ್ಳಿ ಎಂದರು. ಸಂಜೆ ಬಸ್ಸಿನವರೆಗೂ ಹುಡುಕಿ, ತಲೆ ಮೈಯೆಲ್ಲ ಧೂಳಾಗಿ, ಬರಿಗೈಯಲ್ಲಿ ಬಂದೆವು.

ಅಷ್ಟರಲ್ಲಿ ಹುಳು ಹಣ್ಣಾದವು, ಅಂದರೆ ಸೊಪ್ಪು ಬಿಟ್ಟು ನೂಲು ಬಿಡಲು ತಯಾರಾದವು. ಊರಿನ ಹೆಂಗಸರೆಲ್ಲ ಬಂದು ಆರಿಸಿ ಕೊಟ್ಟರು. ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗಳ ಮೇಲೆ ಬಿಟ್ಟ ಹುಳುಗಳು ತಮ್ಮ ಸುತ್ತ ತಾವೇ ನೂಲು ಸುತ್ತಿಕೊಂಡು ಕಣ್ಮರೆಯಾದವು. ಇನ್ನು ಗೂಡು ಬಿಡಿಸುವುದೊಂದೇ ಬಾಕಿ. ಒಳಗಿನ ಹುಳು ಕೋಶವಾಗಿ ಗಟ್ಟಿಯಾಯಿತೇ ಎಂದು ನೋಡಲು ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಲೊಟಕ್ ಎಂದು ಸಣ್ಣ ಸದ್ದು ಬಂದರೆ ಎಲ್ಲ ಸರಿಯಿದೆ ಎಂದರ್ಥ. ಆ ಪರೀಕ್ಷೆ ಅತ್ತೆಯದೇ. ಬೇರೆ ಯಾರ ಕಿವಿಯನ್ನೂ ಅವರು ನಂಬುತ್ತಿರಲಿಲ್ಲ.

ಆ ಬೆಳಿಗ್ಗೆ ವನಜಾ ಆಫೀಸಿಗೆ ಹೊರಟಿದ್ದಳು. ಆಗುವುದಿಲ್ಲ ಎಂದು ಹೇಳಿಬರಲು. ಮುಖ ಊದಿತ್ತು. ಜಗಲಿಯ ಮೇಲೆ ಚಂದ್ರಂಕಿಯ ಮುಂದೆ ಕೂತಿದ್ದ ಅತ್ತೆ ನಾಲ್ಕಾರು ಗೂಡು ಬಿಡಿಸಿ ಮಡಿಲಿಗೆ ಹಾಕಿಕೊಂಡು, ಒಂದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಮತ್ತೊಂದು ಸಲ ಅಲ್ಲಾಡಿಸಿದರು. ಆಮೇಲೆ "ವನಜಮ್ಮಾ, ಬಾ ಇಲ್ಲಿ" ಎಂದು ಕರೆದು, ಅದೇ ಗೂಡನ್ನು ಮಗಳ ಕಿವಿಗೆ ಹಿಡಿದರು.

"ಕೇಳಿಸ್ತಾ?"

"ಹ್ಞೂಂ."

"ಕಣ್ಣಿಗೆ ಕಾಣದಂಗೆ ಒಳಗೆ ಹೋಗಿ ಕೂತಿರೋ ಹುಳಾನೂ ಇಷ್ಟು ಸದ್ದು ಮಾಡಿ, ಇದೀನಿ ಅಂತ ಹೇಳ್ತದೆ. ನೀನೂ ಇಳಿದ ತಕ್ಷಣ ಇಳಿದೆ ಅಂತ ನನಗೆ ತಿಳಿಸ್ಬೇಕು. ಪೇಪರ್ನೋರು ಬರಿಯಲ್ಲ, ನೀನಾದ್ರೂ ಹೇಳು." ಗೂಡನ್ನು ಮಗಳ ಕೈಗಿಟ್ಟರು. "ಹೋಗಿ ಬಾ ತಲ್ಲಿ."

ವನಜಾ ಅಲ್ಲೇ ಕುಸಿದು ತಾಯಿಯ ಮಡಿಲಲ್ಲಿ ಮುಖ ಇಟ್ಟಳು. ಗೂಡುಗಳು ಅತ್ತೆಯ ಮಡಿಲಿಂದ ಜಗಲಿಗೆ, ಜಗಲಿಯಿಂದ ಅಂಗಳಕ್ಕೆ ಉರುಳಿದವು. ನಾನು ಒಂದೊಂದಾಗಿ ಆರಿಸುತ್ತಾ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಕೂತೆ.

ಅವಳು ಹೋದಳು. ಇಳಿದ ತಕ್ಷಣ ಹೇಳಿದಂತೆ ತಂತಿ, ಅಂದರೆ ಟೆಲಿಗ್ರಾಂ, ಕಳಿಸಿದಳು ಕೂಡ. ಆದರೆ ಅವಳಾಗಲಿ ನಾವಾಗಲಿ ಒಂದು ವಿಷಯ ಯೋಚಿಸಿರಲಿಲ್ಲ. ನಮ್ಮ ಊರಿಗೆ ಆವರೆಗೆ ಬಂದ ತಂತಿಗಳೆಲ್ಲ ಸಾವಿನವೇ. ತಂತಿಯವನ ಸೈಕಲ್ಲು ನಮ್ಮ ಮನೆಯ ಮುಂದೆ ನಿಂತದ್ದೇ ತಡ, ಎದುರು ಮನೆಯ ಲಕ್ಷ್ಮಮ್ಮನವರು "ಅಯ್ಯಯ್ಯೋ ವನಜಮ್ಮಾ!" ಎಂದು ಎದೆ ಬಡಿದುಕೊಂಡು ಓಡಿಬಂದರು. ಅವರ ಹಿಂದೆ ಬೀದಿಗೆ ಬೀದಿಯೇ ಬಂತು. ಅತ್ತೆ ಗೋಡೆ ಹಿಡಿದು ಕೂತುಬಿಟ್ಟರು. ನಾನು ಆ ಹಾಳೆಯನ್ನು ಬಿಡಿಸದೆ ಅತ್ತೆಯ ಪಕ್ಕ ಕೂತು ಅಳತೊಡಗಿದೆ. ಕಡೆಗೆ ತಂತಿಯವನೇ ರೇಗಿ, "ಅಳೋದು ಆಮೇಲೆ ಅಳಿ ತಾಯಿ, ಮೊದ್ಲು ಓದಿ!" ಎಂದ.

ಓದಿದೆ. ಸುಖವಾಗಿ ಬಂದು ಇಳಿದೆ ಎಂದು ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಕೂಗಿ ಹೇಳಿದೆ. ಲಕ್ಷ್ಮಮ್ಮನವರು ಅಳುವುದನ್ನು ನಿಲ್ಲಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆ ಮಾತ್ರ ಬಂದವರಿಗೆಲ್ಲ ಅದನ್ನು ನನ್ನಿಂದ ಓದಿಸಿದರು, ಸಂಜೆ ಹಾಲು ಕರೆಯಲು ಬಂದವನನ್ನೂ ಬಿಡಲಿಲ್ಲ. ಆ ದಿನ ಅವರು ಹುಳುಮನೆಯಲ್ಲಿ ತಮ್ಮಷ್ಟಕ್ಕೆ ತಾವೇ ಏನೋ ಗುನುಗುತ್ತಿದ್ದರು. ಅವರು ಗುನುಗುವುದನ್ನು ನಾನು ಕೇಳಿದ್ದು ಅದೇ ಮೊದಲು.

ವನಜಾ ಮೂರು ತಿಂಗಳಿಗೆ ಸರಿಯಾಗಿ ಬಂದಳು, ತಾಯಿಗೊಂದು ಬೀಸಣಿಗೆ ತಂದಳು. ಅವಳು ಕಲಿತು ಬಂದ ವಿಧಾನಗಳಲ್ಲಿ ಒಂದೆರಡನ್ನು ಅತ್ತೆ, ಅದು ತಮಗೆ ಮೊದಲೇ ಗೊತ್ತಿತ್ತು ಎಂಬಂತೆ ಮುಖ ಮಾಡಿಕೊಂಡು ಒಪ್ಪಿದರು. ಆದರೆ ನೊಗದ ಹುಡುಗಿಯನ್ನು ಮರೆಯಲಿಲ್ಲ. ತನ್ನ ಮಗಳು ಇಳಿದಳೆಂದು ಇನ್ನೊಬ್ಬಳನ್ನು ಮೇಲೇ ಬಿಟ್ಟುಬಿಡುವ ಜಾತಿಯವರಲ್ಲ ಅವರು. ಹೊಸ ಕಟ್ಟು ಬಂದಾಗಲೆಲ್ಲ ಕೇಳುತ್ತಲೇ ಇದ್ದರು.

ತೊಂಬತ್ತರ ದಶಕದ ನಡುವೆ ಮಕ್ಕಳ ಸ್ಕೂಲಿಗೆಂದು ನಾವು ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡುವುದೆಂದಾಯಿತು. ಸಾಮಾನು ಕಟ್ಟುವಾಗ ತವರಿನಿಂದ ತಂದ ನನ್ನ ಟ್ರಂಕನ್ನು ಪೂರ್ತಿ ಖಾಲಿ ಮಾಡಿದೆ. ಮದುವೆಯಾದ ಮೇಲೆ ಅದರ ತಳ ನೋಡಿದ್ದು ಅದೇ ಮೊದಲ ಸಲ. ತಳದಲ್ಲಿ ನಮ್ಮಮ್ಮ ಮದುವೆಗೆ ಮುಂಚೆ ಹಾಸಿದ್ದ ಪೇಪರು. ನುಸಿಗುಳಿಗೆಯ ಘಾಟಿನ ನಡುವೆ ನನ್ನನ್ನೇ ನೋಡುತ್ತಿತ್ತು ನೊಗದ ವಿಮಾನ. ನೆಲದ ಮೇಲೆ! ಪಕ್ಕದಲ್ಲಿ ಆ ಗಂಡಸು, ಆ ಹುಡುಗಿ, ಸುತ್ತ ಜನ.

ನನ್ನ ಬಿ.ಎ. ಪದವಿಯನ್ನು ಹುಳಕ್ಕೆ ಹಾಕಬೇಕು ಎನಿಸಿತು. ನಾವು ಗೋದಾಮಿನ ಧೂಳು ತಿಂದು ಹುಡುಕಿದ್ದ ಹಾಳೆ ಅಷ್ಟೂ ವರ್ಷ ನನ್ನ ಸೀರೆಗಳ ಕೆಳಗೆ, ಅದೇ ಮನೆಯಲ್ಲಿ, ಹುಳುಮನೆಯ ಆಚೆ ಗೋಡೆಗೇ ಒರಗಿಕೊಂಡಿತ್ತು. ಲೋಕದ ಪೇಪರನ್ನೆಲ್ಲ ಓದಿ ಹಾಸಿದ ಮಹಾ ಓದುಗಿತ್ತಿ ನಾನು!

ಹಾಳೆ ಹಿಡಿದು ಓಡಿದೆ. ಅತ್ತೆಯ ಕಣ್ಣು ಆಗಲೇ ಮಂಜಾಗಿತ್ತು. ಬೆಳಕಿಗೆ ಹಿಡಿದು, ನೊಗದ ಮೇಲೆ ಬೆರಳಾಡಿಸಿ, ಅದರ ಕೆಳಗೆ ನೆಲವಿದೆಯೇ ಎಂದು ತಡವಿ ನೋಡಿದರು.

"ಇಳಿದ್ಲಾ?"

"ಇಳಿದ್ಲು ಅತ್ತೆ. ನಾವು ಓದೋಕಿಂತ ಎಷ್ಟೋ ತಿಂಗಳು ಮುಂಚೇನೇ ಇಳಿದಿದ್ಲು."

ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ.

"ಅವಳಮ್ಮನಿಗೆ ಯಾರಾದ್ರೂ ಹೇಳಿದ್ರಾ?" ಎಂದು ಕೇಳಿದರು.

ಆ ಪ್ರಶ್ನೆಗೆ ಪೇಪರಿನಲ್ಲಿ ಉತ್ತರವಿರಲಿಲ್ಲ. ಆದರೂ "ಹ್ಞೂಂ ಅತ್ತೆ, ತಂತಿ ಹೋಯ್ತಂತೆ" ಎಂದೆ. ಅತ್ತೆ ತಲೆಯಾಡಿಸಿ ಹಾಳೆಯನ್ನು ಮಡಿಚಿ ದೇವರ ಗೂಡಿನಲ್ಲಿ, ವನಜಳ ತಂತಿಯ ಪಕ್ಕದಲ್ಲಿ ಇಟ್ಟರು. ಆಮೇಲೆ ಅವರು ಎಂದೂ ಅವಳ ಸುದ್ದಿ ಕೇಳಲಿಲ್ಲ.

ಈಗ ಅತ್ತೆ ಇಲ್ಲ. ಹುಳುಮನೆಗಳಲ್ಲಿ ಪೇಪರು ಹಾಸುವುದೂ ಕಡಿಮೆಯಾಗಿದೆ, ಸೊಪ್ಪನ್ನು ಕಡ್ಡಿ ಸಮೇತ ಹಾಕುತ್ತಾರೆ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದ ಮೇಲಂತೂ ನಮ್ಮ ತಲೆಯ ಮೇಲೆ ಹಗಲೆಲ್ಲ ಅವುಗಳದೇ ಓಡಾಟ. ವನಜಾ ರಿಟೈರಾಗಿ ಮಗಳ ಮನೆಗೆಂದು ವರ್ಷಕ್ಕೊಮ್ಮೆ ದೆಹಲಿಗೆ ಹಾರುತ್ತಾಳೆ. ಇವತ್ತು ಬೆಳಗಿನ ವಿಮಾನಕ್ಕೆ ಹೊರಟಿದ್ದಳು. ಪೇಪರಿನವನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದೂ ಅದಕ್ಕೇ ಇರಬೇಕು. ಬೆಳಗಿನಿಂದ ಮನಸ್ಸು ಒಂದು ಕಡೆ ನಿಂತಿರಲಿಲ್ಲ.

ಹಾಳೆಗಳು ಒಣಗಿದವು. ಲೋಟಗಳನ್ನು ತೆಗೆದು, ಒಂದೊಂದನ್ನೂ ಅತ್ತೆಯ ಮುಂದೆ ಓದಿದಂತೆ ಮೊದಲಿನಿಂದ ಕೊನೆಯವರೆಗೂ ಓದಿದೆ. ರಾಜಕೀಯ, ಚಿನ್ನದ ಬೆಲೆ, ಶ್ರದ್ಧಾಂಜಲಿ, ಮಳೆ. ಎಲ್ಲೂ ಒಂದೇ ಒಂದು ವಿಮಾನವಿರಲಿಲ್ಲ. ಇಷ್ಟು ವರ್ಷ ಪೇಪರು ಓದಿದ ನನಗೆ ಅದರ ಅರ್ಥ ಹೊಳೆದದ್ದು ಇವತ್ತೇ.

ಅಷ್ಟರಲ್ಲಿ ಫೋನು ಒಮ್ಮೆ ಟಿಣ್ ಎಂದಿತು. ವನಜಾ ಈಗಲೂ ತಪ್ಪಿಸುವುದಿಲ್ಲ, ಬರೆಯುವುದೂ ಒಂದೇ ಪದ: ಇಳಿದೆ. ನಾನು ಎದ್ದು ಗೋಡೆಯ ಮೇಲಿದ್ದ ಅತ್ತೆಯ ಪಟದ ಮುಂದೆ ಪೇಪರು ಹಿಡಿದು, "ಅತ್ತೇ, ವನಜಾ ಇಳಿದ್ಲು. ಪೇಪರಲ್ಲಿ ಒಂದೂ ವಿಮಾನ ಇಲ್ಲ, ನಿನ್ನೆ ಹತ್ತಿದೋರೂ ಎಲ್ಲಾ ಇಳಿದವ್ರೆ" ಎಂದು ಓದಿ ಹೇಳಿದೆ.